ಟೆಂಟಿನ ಜೊತೆಗೊಂದು ಕಾಗದ

ಪುಟ್ಟೀ,

ನೀನು ಕೇಳಿದ ಟೆಂಟನ್ನು ಬೇಸ್‌ಮೆಂಟಿನಿಂದ ತೆಗೆದು ಹಿತ್ತಲಲ್ಲಿ ಬಿಸಿಲಿಗೆ ಹರವಿದ್ದೇನೆ. ನಾಲ್ಕು ಜನ ಮಲಗಬಹುದು ಎಂದು ಚೀಲದ ಮೇಲೆ ಬರೆದಿದೆ. ನಂಬಬೇಡ. ಮೂವರಿಗೆ ಸರಿ; ನಾಲ್ಕನೆಯವಳು ಸೇರಿದರೆ ಒಬ್ಬಳು ಮಗ್ಗುಲು ಬದಲಿಸಿದಾಗ ಎಲ್ಲರೂ ಬದಲಿಸಬೇಕು. ಶನಿವಾರ ಬಂದು ತೆಗೆದುಕೊಂಡು ಹೋಗು. ಆದರೆ ಈ ಕಾಗದವನ್ನು ನನ್ನೆದುರು ಕೂತು ಓದಿ ಮುಗಿಸಿದ ಮೇಲೆಯೇ ಟೆಂಟು ಕೈಗೆ ಸಿಗುವುದು.

ಮೇ ತಿಂಗಳ ಲಾಂಗ್ ವೀಕೆಂಡಿಗೆ ನಾವು ನಾಲ್ವರು ಅಲ್ಗಾಂಕ್ವಿನ್ ಪಾರ್ಕಿಗೆ ಹೋಗುತ್ತೇವೆ, ಕೆನೂ ದೋಣಿ ಬಾಡಿಗೆಗೆ ಹಿಡಿದು ಸರೋವರ ದಾಟಿ ಒಳಕಾಡಿನಲ್ಲಿ ಎರಡು ರಾತ್ರಿ ಇರುತ್ತೇವೆ ಎಂದು ನೀನು ಹೇಳಿದಾಗ ‘ಆಯ್ತು ಮಾರಾಯ್ತಿ, ಹೋಗಿ ಬನ್ನಿ’ ಎಂದುಬಿಟ್ಟೆ. ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ಅತ್ತ ತೀರ್ಥಹಳ್ಳಿಯಲ್ಲಿ ನಿನ್ನ ಅಮ್ಮನಿಗೂ ನಿದ್ದೆಯಿಲ್ಲವಂತೆ. ಅವಳಿಗೆ ಕರಡಿಯ ಚಿಂತೆ. ನನ್ನ ಚಿಂತೆ ನೀರಿನದು.

ನೀನು ನಗುತ್ತೀಯೆಂದು ಗೊತ್ತು. ತುಂಗೆಯಲ್ಲಿ ಈಜು ಕಲಿತ ಹುಡುಗಿ ನೀನು. ರಜೆಗೆ ಊರಿಗೆ ಬಂದಾಗ ಕಲಿಸಿದವನೂ ನಾನೇ. ಅದಕ್ಕೇ ಈ ಕಾಗದ ಬರೆಯುತ್ತಿರುವುದು.

ಮೊದಲು ನೀವು ಹೋಗುತ್ತಿರುವ ಜಾಗ ಎಂಥದ್ದೆಂದು ತಿಳಿದುಕೊ. ಅಲ್ಗಾಂಕ್ವಿನ್ ಕೆನಡಾದ ಒಂಟಾರಿಯೊದ ಮೊದಲ ಪ್ರಾಂತೀಯ ಉದ್ಯಾನ, 1893ರಲ್ಲಿ ಆದದ್ದು. ಪಾರ್ಕು ಎಂದ ತಕ್ಷಣ ಲಾಲ್‌ಬಾಗನ್ನು ನೆನೆಯಬೇಡ. ಇದರ ವಿಸ್ತಾರ 7,600 ಚದರ ಕಿಲೋಮೀಟರಿಗೂ ಹೆಚ್ಚು, ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ಚಿಕ್ಕದು ಅಷ್ಟೆ. ಅದರೊಳಗೆ 2,400ಕ್ಕೂ ಹೆಚ್ಚು ಸರೋವರಗಳು. ದಕ್ಷಿಣದ ಭಾಗದಲ್ಲಿ 56 ಕಿಲೋಮೀಟರ್ ಉದ್ದಕ್ಕೆ 60ನೇ ಹೆದ್ದಾರಿ ಹಾದುಹೋಗುತ್ತದೆ. ಕಾರಿನ ಪಕ್ಕದಲ್ಲೇ ಟೆಂಟು ಹಾಕುವ ಜಾಗಗಳು ಹೆಚ್ಚಾಗಿ ಈ ರಸ್ತೆಯ ಆಸುಪಾಸಿನವು. ರಸ್ತೆ ಬಿಟ್ಟು ಒಳಗೆ ಹೋಗುವವರಿಗೆ ದೋಣಿ, ಇಲ್ಲವೇ ಸ್ವಂತ ಕಾಲು.

ಇಲ್ಲಿನ ಸರೋವರಗಳನ್ನು ನಮ್ಮ ಕೆರೆಗಳ ಹಾಗೆ ಎಣಿಸಬಾರದು. ಕೆರೆಯನ್ನು ಕಟ್ಟಿದವರು ನಾವು; ಅದಕ್ಕೆ ಏರಿಯಿದೆ, ತೂಬಿದೆ, ಕೋಡಿಯಿದೆ, ಮೆಟ್ಟಿಲಿಳಿದು ಕೊಡ ಮುಳುಗಿಸುವ ಕಲ್ಲುಗಳಿವೆ. ಇವು ಹತ್ತು ಸಾವಿರ ವರ್ಷಕ್ಕೂ ಹಿಂದೆ ಹಿಮದ ಹಾಸು ಬಂಡೆಯನ್ನು ಕೆರೆದು, ಕರಗಿ ಬಿಟ್ಟುಹೋದ ಗುಂಡಿಗಳು. ದಡದಿಂದ ನಾಲ್ಕು ಹೆಜ್ಜೆಗೇ ಕಾಲು ನಿಲ್ಲದಿರುವುದುಂಟು. ಚಳಿಗಾಲದಲ್ಲಿ ಮೇಲ್ಮೈಯೆಲ್ಲ ಕಲ್ಲಾಗುತ್ತದೆ. ಆ ಗಡ್ಡೆ ಒಡೆದು ನೀರು ಕಾಣುವುದು ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ, ಇಲ್ಲವೇ ಮೇ ಮೊದಲಿಗೆ. ನೀವು ದೋಣಿ ಇಳಿಸಬೇಕೆಂದಿರುವ ದಿನಕ್ಕೆ ಎರಡು ಮೂರು ವಾರ ಮುಂಚೆ ಅಲ್ಲಿ ಮಂಜುಗಡ್ಡೆಯಿತ್ತು ಎಂದು ಲೆಕ್ಕ ಹಾಕಿಕೊ.

ಈಗ ನಿನ್ನ ಅಮ್ಮನಿಗೂ ಹೇಳಿರದ ಒಂದು ಸಂಗತಿ ಹೇಳುತ್ತೇನೆ. ಈ ದೇಶಕ್ಕೆ ಬಂದ ಎರಡನೆಯ ವರ್ಷ, ಇದೇ ಮೇ ತಿಂಗಳು, ನಾನೂ ನನ್ನೊಡನೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬನೂ ಇದೇ ಪಾರ್ಕಿಗೆ ಹೋಗಿದ್ದೆವು. ಬಿಸಿಲು ಚೆನ್ನಾಗಿತ್ತು. ನಾನು ತೊಟ್ಟಿದ್ದು ಜೀನ್ಸ್ ಪ್ಯಾಂಟು, ಹತ್ತಿಯ ಅಂಗಿ. ಲೈಫ್‌ಜಾಕೆಟ್ಟನ್ನು ಕೂರಲು ಮೆತ್ತಗಿರಲಿ ಎಂದು ಕೆಳಗೆ ಹಾಕಿಕೊಂಡಿದ್ದೆ. ತುಂಗೆಯ ಕಮಾನು ಸೇತುವೆಯ ಕೆಳಗೆ ಮಳೆಗಾಲದ ಕೆಂಪು ನೀರಿನಲ್ಲಿ ಈಜಿದವನಿಗೆ ಈ ನಿಂತ ನೀರು ಏನು ಮಾಡೀತು ಎಂಬ ಠೇಂಕಾರ. ಮಧ್ಯಾಹ್ನ ಗಾಳಿ ಎದ್ದಿತು. ಫೋಟೊ ತೆಗೆಯಲೆಂದು ನಾನು ಎದ್ದು ನಿಂತೆ. ದೋಣಿ ಮಗುಚಿತು.

ನೀರಿಗೆ ಬಿದ್ದಾಗ ತಿಳಿದದ್ದು ಇಷ್ಟು: ಈಜು ಮರೆತುಹೋಗುವುದಿಲ್ಲ, ಉಸಿರು ಮರೆತುಹೋಗುತ್ತದೆ. ಎದೆಯ ಮೇಲೆ ಯಾರೋ ಒನಕೆಯಿಂದ ಕುಟ್ಟಿದ ಹಾಗಾಯಿತು. ಒಳಗೆಳೆದ ಉಸಿರು ಹೊರಗೆ ಬಾರದು, ಬಂದದ್ದು ನಿಲ್ಲದು. ಕೂಗಲು ಬಾಯಿ ತೆರೆದರೆ ನೀರು. ದಡ ನಮ್ಮ ಮನೆಯಂಗಳದಿಂದ ಕೊಟ್ಟಿಗೆ ಎಷ್ಟು ದೂರವೋ ಅಷ್ಟೇ ಇತ್ತು, ಹಾಗಾಗಿ ಉಳಿದೆವು. ಮೇಲೆ ಬಂದಾಗ ಬೆರಳುಗಳು ನನ್ನವಾಗಿರಲಿಲ್ಲ. ಒದ್ದೆ ಅಂಗಿಯ ಗುಂಡಿ ಬಿಚ್ಚಲು ಆಗಲಿಲ್ಲ, ಜೇಬಿನಲ್ಲಿದ್ದ ಕಾರಿನ ಕೀಲಿ ಹಿಡಿಯಲು ಆಗಲಿಲ್ಲ. ದಡದಲ್ಲಿ ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ಓಡಿಬಂದು, ಒಂದು ಮಾತೂ ಆಡದೆ ನಮ್ಮಿಬ್ಬರ ಅಂಗಿ ಕಳಚಿಸಿ ತನ್ನ ಉಣ್ಣೆಯ ಕಂಬಳಿ ಹೊದಿಸಿದ. ಬಿಸಿ ಚಹಾದ ಲೋಟ ಕೊಟ್ಟರೆ ಹಲ್ಲಿಗೆ ತಾಗಿ ತಾಗಿ ಅರ್ಧ ಚೆಲ್ಲಿತು. ಅವನು ಹೊರಡುವಾಗ ನನ್ನ ಲೈಫ್‌ಜಾಕೆಟ್ಟನ್ನು ನೀರಿನಿಂದ ಎಳೆದು ತಂದು ನನ್ನ ಮಡಿಲಲ್ಲಿಟ್ಟ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಇದಕ್ಕೆ ಶಾಸ್ತ್ರವಿದೆ ಎಂದು ಆಮೇಲೆ ತಿಳಿಯಿತು. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಮಂಜುಗಡ್ಡೆಯ ನೀರಿಗೆ ತಾವೇ ಇಳಿದು ಪರೀಕ್ಷಿಸಿದವರು. ಅವರು ಕಲಿಸುವ ಲೆಕ್ಕ 1–10–1. ಮೊದಲ 1 ನಿಮಿಷ ಉಸಿರು ಹತೋಟಿಗೆ ಬರಲು ಬೇಕು. ಆಗ ಈಜಲು ಹೋಗಬೇಡ, ಗಾಬರಿಯಾಗಬೇಡ, ತೇಲು. ಆಮೇಲಿನ 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಅಷ್ಟರೊಳಗೆ ದೋಣಿಗೋ ದಡಕ್ಕೋ ಸೇರಬೇಕು. ದೇಹ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಇರುತ್ತದೆ. ಅಂದರೆ ಜನ ಸಾಯುವುದು ಹೆಪ್ಪುಗಟ್ಟಿ ಅಲ್ಲ. ಆ ಮೊದಲ ನಿಮಿಷದಲ್ಲಿ ನೀರು ಕುಡಿದು, ಇಲ್ಲವೇ ಹತ್ತು ನಿಮಿಷದ ಮೇಲೆ ಕೈ ಆಡದೆ ಮುಳುಗಿ. ಎರಡಕ್ಕೂ ಇರುವ ಔಷಧ ಒಂದೇ, ಮೈಮೇಲೆ ಕಟ್ಟಿಕೊಂಡ ಲೈಫ್‌ಜಾಕೆಟ್. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ಇರಬೇಕೆಂದು ಈ ದೇಶದ ಕಾನೂನು ಹೇಳುತ್ತದೆ. ಇದ್ದರೆ ಸಾಲದು, ತೊಡಬೇಕು ಎನ್ನುವುದು ನಿನ್ನ ಮಾವನ ಕಾನೂನು. ‘ತಣ್ಣೀರನ್ನಾದರೂ ತಣಿಸಿ ಕುಡಿ’ ಎಂದು ನಮ್ಮ ಅಜ್ಜಿ ಮಾತುಮಾತಿಗೆ ಹೇಳುತ್ತಿದ್ದಾಗ ತಣ್ಣೀರನ್ನು ತಣಿಸುವುದೇನು ಎಂದು ನಾವು ಆಡಿಕೊಳ್ಳುತ್ತಿದ್ದೆವು. ಆ ದಿನ ಅರ್ಥವಾಯಿತು.

ಅನುಭವ ಇದ್ದರೆ ಸಾಕೆಂದು ಯಾರಾದರೂ ಹೇಳಿದರೆ ಅವರಿಗೆ ಟಾಮ್ ಥಾಮ್ಸನ್‌ನ ಕಥೆ ಹೇಳು. ಕೆನಡಾದ ಹೆಸರಾಂತ ಚಿತ್ರಕಾರ. ಈ ಪಾರ್ಕಿನ ಪೈನ್ ಮರ, ಗಾಳಿ, ನೀರನ್ನು ಅವನ ಹಾಗೆ ಬಣ್ಣದಲ್ಲಿ ಹಿಡಿದವರಿಲ್ಲ. ಇಲ್ಲಿ ದಾರಿ ತೋರಿಸುವ ಕೆಲಸವನ್ನೂ ಮಾಡುತ್ತಿದ್ದ. ದೋಣಿ ಅವನಿಗೆ ಚಪ್ಪಲಿಯಷ್ಟೇ ಸಲೀಸು. 1917ರ ಜುಲೈ 8ರಂದು ಕೆನೂ ಲೇಕ್‌ನಲ್ಲಿ ಒಬ್ಬನೇ ದೋಣಿಯಲ್ಲಿ ಹೊರಟ. ಎಂಟು ದಿನದ ಮೇಲೆ ಶವ ಸಿಕ್ಕಿತು. ಅವನಿಗೆ ಆಗ 39 ವರ್ಷ. ಮುಳುಗಿ ಸತ್ತನೆಂದು ದಾಖಲೆ; ಹೇಗೆ ಎಂದು ಜನ ಇವತ್ತಿಗೂ ವಾದಿಸುತ್ತಾರೆ. ವಾದ ಹೇಗಾದರೂ ಇರಲಿ, ಒಬ್ಬನೇ ಹೋದದ್ದರಿಂದ ನೋಡಿದವರಿಲ್ಲ, ಕೈ ಚಾಚಿದವರಿಲ್ಲ.

ಆದ್ದರಿಂದ ನನ್ನ ತೀರ್ಮಾನ ಕೇಳು. ಮೇ ತಿಂಗಳಲ್ಲಿ ದೋಣಿ ಬೇಡ. ಹೋಗುವುದು ಬೇಡ ಎನ್ನುತ್ತಿಲ್ಲ, ಕಾಲ್ನಡಿಗೆಯಲ್ಲಿ ಹೋಗಿ. ದೋಣಿಯನ್ನು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಇಟ್ಟುಕೊಳ್ಳಿ. ಬೇಸಿಗೆಯಿಡೀ ಬಿಸಿಲು ಕುಡಿದ ನೀರು ಆಗ ಮನುಷ್ಯರನ್ನು ಸಹಿಸುತ್ತದೆ, ಸೊಳ್ಳೆ ನೊಣಗಳ ಕಾಟ ಮುಗಿದಿರುತ್ತದೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮೇಪಲ್ ಮರಗಳು ಕುಂಕುಮ ಚೆಲ್ಲಿದ ಹಾಗೆ ಕೆಂಪಾಗುತ್ತವೆ. ಆಗಲೂ ಮೂರು ಮಾತು ಮರೆಯಬೇಡಿ. ಬೆಳಗಿನ ಜಾವ ಹೊರಟು ಮಧ್ಯಾಹ್ನದೊಳಗೆ ದಡ ಹತ್ತಿ, ಏಕೆಂದರೆ ಗಾಳಿ ಏಳುವುದು ಮಧ್ಯಾಹ್ನ. ಅದರಲ್ಲೂ ಒಪಿಯಾಂಗೊ ಇಲ್ಲಿಯ ಅತಿ ದೊಡ್ಡ ಸರೋವರ. ಅಲ್ಲಿ ಗಾಳಿ ಬಿದ್ದರೆ ಅಲೆಗಳು ದೋಣಿಯೊಳಗೆ ಬಂದು ಕೂರುತ್ತವೆ. ನಡುವೆ ಅಡ್ಡ ಹಾಯಬೇಡಿ, ದೂರವಾದರೂ ದಡದ ಗುಂಟ ಹೋಗಿ. ಗುಡುಗಿನ ಸದ್ದು ಕೇಳಿದ ಕೂಡಲೇ ನೀರು ಬಿಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವ ತನಕ ಮತ್ತೆ ಇಳಿಯಬೇಡಿ.

ಮೇ ತಿಂಗಳ ನಡಿಗೆಗೂ ತಯಾರಿ ಬೇಕು. ಅಲ್ಲಿ ಬ್ಲ್ಯಾಕ್‌ಫ್ಲೈ ಎಂಬ ಪುಟ್ಟ ಕರಿನೊಣವಿದೆ. ಮೇ ನಡುವಿನಿಂದ ಜೂನ್ ಕಳೆಯುವವರೆಗೆ ಅದರ ರಾಜ್ಯ. ಹರಿಯುವ ಶುದ್ಧ ನೀರಿನಲ್ಲೇ ಹುಟ್ಟುವುದರಿಂದ, ನೊಣ ಹೆಚ್ಚಿದ್ದರೆ ತೊರೆ ಚೆನ್ನಾಗಿದೆ ಎಂದೇ ಅರ್ಥ. ನಮ್ಮ ಉಂಬಳಕ್ಕೂ ಇದಕ್ಕೂ ವ್ಯತ್ಯಾಸವಿಷ್ಟೆ: ಉಂಬಳ ಕಾಲಿನಿಂದ ಮೇಲೆ ಬರುತ್ತದೆ, ಇದು ಕಿವಿಯ ಹಿಂದಿನಿಂದ ಶುರು ಮಾಡುತ್ತದೆ. ಉಂಬಳಕ್ಕೆ ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡು ತೋಟಕ್ಕೆ ಹೋಗುತ್ತಿದ್ದವರು ನಾವು. ಇದಕ್ಕೆ ತಲೆಗೆ ಬಲೆಯ ಟೋಪಿ, ತೆಳು ಬಣ್ಣದ ತುಂಬುತೋಳಿನ ಅಂಗಿ, ಪ್ಯಾಂಟಿನ ಕಾಲನ್ನು ಕಾಲುಚೀಲದೊಳಗೆ ತುರುಕುವುದು. ಕಡುನೀಲಿ, ಕಪ್ಪು ಬಟ್ಟೆ ತೊಟ್ಟರೆ ಕೈಬೀಸಿ ಕರೆದ ಹಾಗೆ.

ಬಟ್ಟೆಯ ವಿಷಯದಲ್ಲಿ ನಮ್ಮ ಹಿರಿಯರು ನಿನಗಿಂತ ಜಾಣರು. ಆಷಾಢದ ಮಳೆಯಲ್ಲಿ ಗದ್ದೆಗಿಳಿಯುವಾಗ ನಿನ್ನ ಅಜ್ಜ ಕಂಬಳಿಕೊಪ್ಪೆ ಹಾಕುತ್ತಿದ್ದರು. ದಿನವಿಡೀ ನೆನೆದರೂ ಒಳಗೆ ಬೆಚ್ಚಗೆ. ಉಣ್ಣೆಯ ಗುಣ ಅದು, ಒದ್ದೆಯಾದರೂ ಬಿಸಿ ಹಿಡಿದಿರುತ್ತದೆ. ಹತ್ತಿ ನೀರು ಕುಡಿದು ಮೈಗಂಟಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಆದ್ದರಿಂದ ಜೀನ್ಸ್ ಮನೆಯಲ್ಲಿರಲಿ. ಉಣ್ಣೆಯದ್ದೋ ಬೇಗ ಒಣಗುವ ಸಿಂಥೆಟಿಕ್‌ನದ್ದೋ ಇರಲಿ, ಮೇಲೊಂದು ಮಳೆಯಂಗಿ. ರಾತ್ರಿ ಮಲಗುವ ಒಂದು ಜೊತೆ ಬಟ್ಟೆ, ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡು. ಏನೇ ಆದರೂ ಅದನ್ನು ಹಗಲು ಬಿಚ್ಚಕೂಡದು. ಮೇ ತಿಂಗಳ ರಾತ್ರಿ ಅಲ್ಲಿ ಸೊನ್ನೆಯ ಹತ್ತಿರ ಹೋಗುವುದುಂಟು.

ಹೊಸಬರಿಗೆ ಮೊದಲ ದಿನ ಲುಕ್‌ಔಟ್ ಟ್ರೇಲ್ ಸಾಕು. ಎರಡು ಕಿಲೋಮೀಟರಿನಷ್ಟೇ, ಆದರೆ ಏರು ಚೆನ್ನಾಗಿದೆ. ಬಂಡೆಯ ಅಂಚಿಗೆ ನಿಂತರೆ ಕಾಡೂ ನೀರೂ ಕಣ್ಣು ಹರಿಯುವಷ್ಟು ದೂರ. ಅಂಚಿಗೆ ತೀರಾ ಹೋಗಬೇಡ, ಅಲ್ಲಿ ತಡೆಗೋಡೆಯಿಲ್ಲ. ಮರುದಿನ ಕಾಲು ಒಪ್ಪಿದರೆ ಸೆಂಟೆನಿಯಲ್ ರಿಡ್ಜಸ್, ಹತ್ತು ಕಿಲೋಮೀಟರ್. ಅದು ಹಗುರದ ದಾರಿಯಲ್ಲ, ಏರು ಇಳಿತದಲ್ಲಿ ಐದಾರು ಗಂಟೆ ಹಿಡಿದೀತು. ಇಲ್ಲಿ ಒಂದು ಮುಖ್ಯ ಸೂತ್ರ: ಹೊರಡುವಾಗಲೇ ತಿರುಗುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಎರಡು ಗಂಟೆ ಎಂದರೆ ಎರಡು ಗಂಟೆ. ಶಿಖರ ಕಣ್ಣೆದುರು ಇದ್ದರೂ ತಿರುಗಿ. ನಾಲ್ವರಲ್ಲಿ ಯಾರಿಗೆ ಆಗುವುದಿಲ್ಲ ಎನಿಸುತ್ತದೋ ಅವಳ ಮಾತೇ ಅಂತಿಮ. ‘ಇನ್ನು ಸ್ವಲ್ಪ, ಇನ್ನು ಸ್ವಲ್ಪ’ ಎಂದು ಅವಳನ್ನು ಎಳೆಯಬೇಡಿ. ನಿಧಾನದವಳನ್ನು ಮುಂದೆ ಬಿಟ್ಟು ಉಳಿದವರು ಹಿಂದೆ ನಡೆಯಿರಿ.

ಇನ್ನು ನಿನ್ನ ಅಮ್ಮನ ಕರಡಿ. ಸುಳ್ಳು ಹೇಳುವುದಿಲ್ಲ. ಈ ಪಾರ್ಕಿನಲ್ಲಿ ಕರಡಿಯಿಂದ ಸಾವುಗಳಾಗಿವೆ: 1978ರಲ್ಲಿ ಮೂವರು ಹುಡುಗರು, 1991ರಲ್ಲಿ ಒಪಿಯಾಂಗೊ ಸರೋವರದ ದ್ವೀಪವೊಂದರಲ್ಲಿ ಇಬ್ಬರು. ವರ್ಷಕ್ಕೆ ಲಕ್ಷಾಂತರ ಜನ ಬಂದುಹೋಗುವ ಜಾಗದಲ್ಲಿ ಅದು ತೀರಾ ಅಪರೂಪ. ಇಲ್ಲಿನ ಕಪ್ಪು ಕರಡಿಗೆ ಬೇಕಾಗಿರುವುದು ನಿನ್ನನ್ನಲ್ಲ, ನಿನ್ನ ಬುತ್ತಿಯನ್ನು. ಎದುರಾದರೆ ಓಡಬೇಡ, ಬೆನ್ನು ತೋರಿಸಬೇಡ. ಗಟ್ಟಿಯಾಗಿ ಮಾತಾಡುತ್ತ ಹಿಂದೆ ಹಿಂದೆ ಸರಿ. ನಿಜವಾದ ಎಚ್ಚರ ಇರಬೇಕಾದದ್ದು ಅಡುಗೆಯಲ್ಲಿ. ಟೆಂಟಿನೊಳಗೆ ಒಂದು ಬಿಸ್ಕತ್ತೂ ಇರಬಾರದು. ಹಲ್ಲುಜ್ಜುವ ಪೇಸ್ಟು, ಸೋಪು, ಲಿಪ್‌ಬಾಮ್ ಕೂಡ ತಿನಿಸಿನ ಲೆಕ್ಕವೇ. ಕಾರಿನ ಪಕ್ಕ ಟೆಂಟು ಹಾಕಿದರೆ ಎಲ್ಲವನ್ನೂ ಕಾರಿನಲ್ಲಿ ಬೀಗ ಹಾಕಿಡಿ. ಒಳಕಾಡಿನಲ್ಲಾದರೆ ಒಂದೇ ಚೀಲಕ್ಕೆ ತುಂಬಿ ಹಗ್ಗದಿಂದ ಮರಕ್ಕೆ ತೂಗುಹಾಕಿ: ನೆಲದಿಂದ ನಾಲ್ಕು ಮೀಟರ್ ಎತ್ತರ, ಕಾಂಡದಿಂದ ಎರಡು ಮೀಟರ್ ದೂರ. ಕತ್ತಲಾಗುವ ಮೊದಲೇ ಈ ಕೆಲಸ ಮುಗಿಸಿ. ಕತ್ತಲಲ್ಲಿ ಕೊಂಬೆಗೆ ಹಗ್ಗ ಎಸೆಯುವುದೆಂದರೆ ಏನೆಂದು ಎಸೆದವರಿಗೇ ಗೊತ್ತು.

ಬುತ್ತಿಗೆ ಅಂಗಡಿಯ ದುಬಾರಿ ಒಣಪೊಟ್ಟಣ ಏನೂ ಬೇಡ. ಹುಳಿಯವಲಕ್ಕಿ, ರಾಗಿ ಹುರಿಹಿಟ್ಟು, ಹುರಿದಿಟ್ಟ ರವೆ, ಚಟ್ನಿಪುಡಿ, ಬೆಲ್ಲ, ಕಡಲೆಬೀಜ. ಹಗುರ, ಕೆಡುವುದಿಲ್ಲ, ಬಿಸಿನೀರಿದ್ದರೆ ಊಟ. ಅಮ್ಮ ಕಳಿಸಿದ ಅಪ್ಪೆಮಿಡಿಯ ಗಾಜಿನ ಜಾಡಿಯನ್ನು ಒಳಕಾಡಿಗೆ ಒಯ್ಯುವ ಹಾಗಿಲ್ಲ. ಅಲ್ಲಿ ತಗಡಿನ ಡಬ್ಬಿ, ಗಾಜಿನ ಬಾಟಲಿ ನಿಷಿದ್ಧ. ನಾಲ್ಕು ಮಿಡಿಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿಕೊ. ಸರೋವರದ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಹಸಿಯಾಗಿ ಕುಡಿಯಬೇಡ. ಬೀವರ್ ಮೊದಲಾದ ಪ್ರಾಣಿಗಳಿಂದ ಬರುವ ಜಿಯಾರ್ಡಿಯ ಎಂಬ ಸೂಕ್ಷ್ಮಜೀವಿ ವಾರಗಟ್ಟಲೆ ಹೊಟ್ಟೆ ಹಿಂಡುತ್ತದೆ. ಮರಳುವಂತೆ ಕುದಿಸು, ಇಲ್ಲವೇ ಫಿಲ್ಟರ್ ಒಯ್ಯಿ.

ಒಳಕಾಡಿನಲ್ಲಾದರೆ ಬೆಂಕಿ ಮಾಡಲು ನೆಲದಲ್ಲಿ ಬಿದ್ದಿರುವ ಒಣಕಟ್ಟಿಗೆಯನ್ನಷ್ಟೇ ಬಳಸು. ಬರ್ಚ್ ಮರದ ಬಿಳಿ ತೊಗಟೆ ಚೆನ್ನಾಗಿ ಹೊತ್ತುತ್ತದೆಂದು ನಿಂತ ಮರದಿಂದ ಸುಲಿಯುವವರಿದ್ದಾರೆ. ಆ ಗಾಯ ಮರ ಬದುಕಿರುವಷ್ಟು ದಿನ ಇರುತ್ತದೆ. ಯಾವ ಜನರ ಹೆಸರು ಈ ಪಾರ್ಕಿಗಿದೆಯೋ ಆ ಅಲ್ಗಾಂಕ್ವಿನ್ ಜನ ಅದೇ ತೊಗಟೆಯಿಂದ ದೋಣಿ ಕಟ್ಟಿ ಈ ನೀರಿನ ದಾರಿಗಳನ್ನು ತಿಳಿದವರು. ನೀವು ಕ್ಯಾಂಪ್ ಎನ್ನುವುದು ಅವರಿಗೆ ಮನೆಯಾಗಿತ್ತು ಎಂಬುದು ನೆನಪಿರಲಿ. ನಗರದಿಂದ ಸೌದೆ ಕಟ್ಟಿಕೊಂಡೂ ಹೋಗಬೇಡಿ. ಏಷ್ಯಾದಿಂದ ಬಂದ ಒಂದು ಹಸಿರು ಕೊರಕ ಹುಳು 2002ರಲ್ಲಿ ಒಂಟಾರಿಯೊದಲ್ಲಿ ಕಂಡಿತು. ಅಂದಿನಿಂದ ಆ್ಯಶ್ ಮರಗಳನ್ನು ಒಣಗಿಸುತ್ತಿದೆ. ಅದು ಊರಿಂದೂರಿಗೆ ಹೋಗುವುದು ಹೆಚ್ಚಾಗಿ ನಮ್ಮಂಥವರ ಡಿಕ್ಕಿಯ ಸೌದೆಯೊಳಗೆ. ಮಲಗುವ ಮೊದಲು ಬೆಂಕಿಗೆ ನೀರು ಸುರಿದು, ಬೂದಿಯನ್ನು ಕೈಯಿಂದ ಮುಟ್ಟಿ ತಣ್ಣಗಾಗಿದೆಯೇ ನೋಡು.

ಮತ್ತೊಂದು ಮಾತು, ಸ್ವಲ್ಪ ಕಹಿ. ನಮ್ಮವರು ನಾಲ್ಕು ಮನೆಯವರು ಸೇರಿದರೆ ಸಿನಿಮಾ ಹಾಡಿಲ್ಲದೆ ಆಗುವುದಿಲ್ಲ. ಸ್ಪೀಕರನ್ನು ಇಲ್ಲೇ ಬಿಟ್ಟು ಹೋಗು. ಕಾಡಿನ ಶಿಸ್ತಿಗಾಗಿ ಮಾತ್ರ ಹೇಳುತ್ತಿಲ್ಲ, ನಿಮ್ಮ ಲಾಭಕ್ಕೇ ಹೇಳುತ್ತೇನೆ. ಸಂಜೆ ಕತ್ತಲು ಇಳಿಯುವಾಗ ಲೂನ್ ಹಕ್ಕಿ ಕೂಗುತ್ತದೆ. 1987ರಿಂದ ಈ ದೇಶದ ಒಂದು ಡಾಲರಿನ ನಾಣ್ಯದ ಮೇಲಿದೆಯಲ್ಲ, ಅದೇ. ನಗುವೋ ಅಳುವೋ ತಿಳಿಯದ ಸದ್ದು. ಒಂದು ಸರೋವರದಿಂದ ಕೂಗಿದರೆ ಇನ್ನೊಂದರಿಂದ ಉತ್ತರ ಬರುತ್ತದೆ. ಆಗಸ್ಟಿನಲ್ಲಿ ಹೋದರೆ ತೋಳ ಕರೆಯುವ ಕಾರ್ಯಕ್ರಮವೂ ಇರಬಹುದು. 1963ರಿಂದ ನಡೆಸುತ್ತ ಬಂದಿದ್ದಾರೆ. ಹತ್ತಿರದಲ್ಲಿ ತೋಳಗಳಿವೆಯೆಂದು ಖಾತ್ರಿಯಾದ ವಾರ ಮಾತ್ರ ಸಾವಿರಾರು ಜನ ಹೆದ್ದಾರಿಯಂಚಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಸಿಬ್ಬಂದಿ ತೋಳದ ಹಾಗೆ ಊಳಿಡುತ್ತಾರೆ. ಒಮ್ಮೊಮ್ಮೆ ಕಾಡು ಉತ್ತರ ಕೊಡುತ್ತದೆ. ನಾನು ಎರಡು ಸಲ ಬರಿಗಿವಿಯಲ್ಲಿ ವಾಪಸು ಬಂದೆ, ಮೂರನೆಯ ಸಲ ಕೇಳಿದೆ.

ಹೋಗುವಾಗ ಬರುವಾಗ ರಸ್ತೆಯ ಮೇಲೂ ಕಣ್ಣಿರಲಿ. ಚಳಿಗಾಲದಲ್ಲಿ ರಸ್ತೆಗೆ ಹಾಕಿದ ಉಪ್ಪು ಚರಂಡಿಯ ನೀರಿನಲ್ಲಿ ಉಳಿದಿರುತ್ತದೆ. ಅದಕ್ಕೆ ಮೇ, ಜೂನ್ ತಿಂಗಳಲ್ಲಿ ಮೂಸ್‌ಗಳು ರಸ್ತೆಯಂಚಿಗೆ ಬರುತ್ತವೆ. ನಮ್ಮ ಕಡವೆಗಿಂತ ಎಷ್ಟೋ ದೊಡ್ಡ ಪ್ರಾಣಿ, ಉದ್ದ ಕಾಲು, ಕಪ್ಪು ಮೈ, ಕತ್ತಲಲ್ಲಿ ಕಾಣುವುದೇ ಇಲ್ಲ. ಟೊರೊಂಟೊದಿಂದ ಮೂರು ಗಂಟೆಯ ದಾರಿ. ಹಗಲಲ್ಲೇ ತಲುಪಿ, ಹಗಲಲ್ಲೇ ಮರಳಿ.

ಕೊನೆಯದಾಗಿ ವ್ಯವಹಾರ. ಒಳಗೆ ಹೋದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಕಾಗದದಲ್ಲೂ ಇಟ್ಟುಕೊ. ನಾಲ್ವರ ಹೆಸರು, ಕಾರಿನ ನಂಬರು, ಟೆಂಟಿನ ಜಾಗದ ನಂಬರು, ಯಾವ ದಿನ ಯಾವ ಟ್ರೇಲ್ ಎಂದು ಒಂದು ಚೀಟಿಯಲ್ಲಿ ಬರೆದು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋಗು. ಹೊರಟ ಮೇಲೆ ಮನಸ್ಸು ಬದಲಿಸಬೇಡ. ಹುಡುಕುವವರು ಚೀಟಿಯಲ್ಲಿ ಬರೆದ ಕಡೆಯೇ ಹುಡುಕುತ್ತಾರೆ.

ಸೋಮವಾರ ಸಂಜೆ ಆರಕ್ಕೆ ನಿನ್ನ ಫೋನು ಬರಬೇಕು. ಏಳರ ತನಕ ಕಾಯುತ್ತೇನೆ, ಏಳು ಹೊಡೆದರೆ ಪೊಲೀಸರಿಗೆ ಫೋನು ಮಾಡುತ್ತೇನೆ. ಆಮೇಲೆ ‘ಮಾವ, ಮರ್ಯಾದೆ ತೆಗೆದಿರಿ’ ಎಂದು ನನ್ನನ್ನು ಅನ್ನಬಾರದು.

ಟೆಂಟಿನ ಚೀಲದಲ್ಲಿ ಒಂದು ಹಳೆಯ ಉಣ್ಣೆ ಕಂಬಳಿಯನ್ನೂ ಇಟ್ಟಿದ್ದೇನೆ. ಆ ಮುದುಕ ವಾಪಸು ಕೇಳಲಿಲ್ಲ. ನೀನು ಮಾತ್ರ ಟೆಂಟನ್ನೂ ಕಂಬಳಿಯನ್ನೂ ಚೆನ್ನಾಗಿ ಒಣಗಿಸಿ ವಾಪಸು ತಂದುಕೊಡು.

ಇತಿ,
ನಿನ್ನ ಸೋದರಮಾವ